ಜರ್ನಿಮನ್ ಅಂದರೆ ಯಾರು?

ಇಂಗ್ಲೆಂಡಿನ ಕೌಂಟಿ ಕ್ರಿಕೆಟ್ ವರದಿಗಳಲ್ಲಿ ಈ ಪದ ಆಗಾಗ ಕಣ್ಣಿಗೆ ಬೀಳುತ್ತದೆ. ವರ್ಷಗಟ್ಟಲೆ ಆಡಿ, ಒಂದು ತಂಡದಿಂದ ಇನ್ನೊಂದಕ್ಕೆ ಹೋಗಿ, ಒಂದಿಷ್ಟು ರನ್ನೋ ವಿಕೆಟ್ಟೋ ಗಳಿಸಿ, ಕೊನೆಗೆ ಯಾರ ನೆನಪಿನಲ್ಲೂ ಉಳಿಯದ ಆಟಗಾರನನ್ನು ಜರ್ನಿಮನ್ ಅನ್ನುತ್ತಾರೆ. ಜರ್ನಿ ಅಂದರೆ ಪ್ರಯಾಣ ಅಲ್ವಾ? ಹಾಗಾಗಿ ಊರೂರು ತಿರುಗುವವನು ಅಂತ ನಾನೂ ಬಹಳ ಕಾಲ ಅಂದುಕೊಂಡಿದ್ದೆ.

ಪದದ ಬೇರು ಹಳೆಯ ಫ್ರೆಂಚಿನಲ್ಲಿದೆ. ಅಲ್ಲಿ ‘ಜೂರ್ನೆ’ ಅಂದರೆ ಒಂದು ದಿನ, ಒಂದು ದಿನದ ಕೆಲಸ. ಒಂದು ದಿನಕ್ಕೆ ಸವೆಸುವ ದಾರಿಗೂ ಅದೇ ಪದ. ಆ ದಾರಿಯಿಂದ ಜರ್ನಿ ಬಂತು, ಕೆಲಸದಿಂದ ಜರ್ನಿಮನ್ ಬಂದ. ದಿನದ ಲೆಕ್ಕದಲ್ಲಿ ಕೂಲಿ ಪಡೆಯುವವನು ಅಂತ ಅರ್ಥ. ನಮ್ಮ ‘ದಿನಗೂಲಿ’ ಪದಕ್ಕೆ ಪದ ಹೊಂದುತ್ತದೆ. ಆದರೆ ಹಾಗೆ ಅನುವಾದ ಮಾಡಿದರೆ ಕೆಟ್ಟಿತು. ದಿನಗೂಲಿ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಮಣ್ಣು ಹೊರುವವರು. ಜರ್ನಿಮನ್ ಹಾಗಲ್ಲ, ಕಸುಬು ಪೂರ್ತಿ ಕಲಿತವನು. ಗಾರೆ ಕೆಲಸದಲ್ಲಿ ಕರಣೆ ಹಿಡಿಯುವವನೇ ಬೇರೆ, ಗಾರೆ ಕಲಸಿಕೊಡುವ ಕೈಯಾಳೇ ಬೇರೆ ತಾನೆ? ಜರ್ನಿಮನ್ ಕರಣೆ ಹಿಡಿಯುವವನ ಸಾಲಿನವನು.

ಇಂಗ್ಲೆಂಡಿನ ಕಸುಬುಗಳಲ್ಲಿ ಮೂರು ಮೆಟ್ಟಿಲು ಇದ್ದವು. ಮೊದಲು ಕಸುಬು ಕಲಿಯುವ ಅಪ್ರೆಂಟಿಸ್, ಆಮೇಲೆ ಜರ್ನಿಮನ್, ಮೇಲೆ ಸ್ವಂತ ಅಂಗಡಿಯ ಮಾಸ್ಟರ್. 1563ರ ಕಾನೂನು ಏಳು ವರ್ಷದ ಕಲಿಕೆಯನ್ನು ಕಡ್ಡಾಯ ಮಾಡಿತ್ತು. 1814ರಲ್ಲಿ ಆ ನಿಯಮ ಹೋಯಿತು, ರೂಢಿ ಮಾತ್ರ ವಿಕ್ಟೋರಿಯಾ ರಾಣಿಯ ಕಾಲದಲ್ಲೂ ಮುಂದುವರಿಯಿತು. ವಿಜ್ಞಾನಿ ಮೈಕೆಲ್ ಫ್ಯಾರಡೆ ಈ ಮೆಟ್ಟಿಲು ಹತ್ತಿದವರೇ. 1805ರಲ್ಲಿ, 14ನೇ ವಯಸ್ಸಿಗೆ, ಲಂಡನ್ನಿನ ಬ್ಲ್ಯಾಂಡ್‌ಫರ್ಡ್ ಬೀದಿಯ ಜಾರ್ಜ್ ರೀಬೋ ಎಂಬ ಪುಸ್ತಕ ವ್ಯಾಪಾರಿಯ ಬಳಿ ಬೈಂಡಿಂಗ್ ಕಲಿಯಲು ಸೇರಿದರು. 1812ರಲ್ಲಿ ಏಳು ವರ್ಷ ಮುಗಿಸಿ ಇನ್ನೊಬ್ಬ ಮಾಸ್ಟರ್ ಕೈಕೆಳಗೆ ಕೆಲವು ತಿಂಗಳು ಜರ್ನಿಮನ್ ಆಗಿ ದುಡಿದರು. ಮರುವರ್ಷ ಲಂಡನ್ನಿನ ವಿಜ್ಞಾನ ಸಂಸ್ಥೆ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಕೆಲಸ ಸಿಕ್ಕಿತು. ಇಲ್ಲದಿದ್ದರೆ ಪುಸ್ತಕ ಹೊಲಿಯುತ್ತಲೇ ಇರುತ್ತಿದ್ದರೋ ಏನೋ.

ಮಾಸ್ಟರ್ ಬಗ್ಗೆ ಒಂದು ಮಾತು. ಅದು ಲ್ಯಾಟಿನ್ನಿನ ‘ಮಗಿಸ್ತೆರ್’ನಿಂದ ಬಂದದ್ದು. ಅದೇ ಬೇರಿನ ಇನ್ನೊಂದು ಪದ ಪೋರ್ಚುಗೀಸರ ಬಾಯಲ್ಲಿ ‘ಮೆಸ್ತ್ರೆ’ ಆಗಿ ನಮ್ಮಲ್ಲಿ ‘ಮೇಸ್ತ್ರಿ’ ಆಯಿತು. ಅಂದರೆ ಮಾಸ್ಟರೂ ಮೇಸ್ತ್ರಿಯೂ ಒಂದೇ ಬಳ್ಳಿಯ ಕಾಯಿಗಳು!

ಈಗ ಈ ಪದ ಎಲ್ಲಕ್ಕಿಂತ ಜಾಸ್ತಿ ಎದುರಾಗುವುದು ತಮ್ಮ ಮುತ್ತಜ್ಜಂದಿರನ್ನು ಹುಡುಕಿ ಹೊರಟ ಇಂಗ್ಲೆಂಡಿನವರಿಗೆ. 1841ರ ಜನಗಣತಿಯ ಪುಟದಲ್ಲಿ ಬಡಗಿ ಅಂತ ಬರೆದು ಪಕ್ಕದಲ್ಲಿ ಸುಮ್ನೆ ‘ಜೆ’ ಅಂತ ಒಂದಕ್ಷರ ಇರುತ್ತದೆ. ಹೆಸರಿನ ಮೊದಲಕ್ಷರ ಅಂದುಕೊಳ್ಳಬೇಡಿ, ಅದು ಜರ್ನಿಮನ್. 1851ರಲ್ಲಿ ಮಾಸ್ಟರ್ ಯಾರು, ಜರ್ನಿಮನ್ ಯಾರು ಅಂತ ಬೇರೆ ಮಾಡಿ ಬರೆಯಬೇಕೆಂಬ ಸೂಚನೆ ಬಂತು. ಮಾಸ್ಟರ್ ಆದವನು ತನ್ನ ಬಳಿ ಎಷ್ಟು ಆಳು ಇದ್ದಾರೆಂದೂ ಹೇಳಬೇಕಿತ್ತು. 1891ರಲ್ಲಿ ಕೆಲಸ ಕೊಡುವವ, ಕೆಲಸಕ್ಕೆ ಇರುವವ, ಎರಡೂ ಅಲ್ಲದವ ಅಂತ ಮೂರು ಕಾಲಂ ಬಂದವು. ಎಲ್ಲರೂ ಸೂಚನೆಯಂತೆ ಬರೆಸಿದ್ದಾರೆ ಅಂತಲ್ಲ. ಬರೀ ‘ಬಡಗಿ’ ಅಂತ ಇರುವ ಸಾಲುಗಳು ಬೇಕಾದಷ್ಟಿವೆ. ಸಾಲದ್ದಕ್ಕೆ ಎಣಿಕೆಯ ಗುಮಾಸ್ತರು ಕಸುಬಿನ ಮೇಲೆಯೇ ಗೀಟು ಎಳೆದು ಬಿಟ್ಟಿರುತ್ತಾರೆ, ಓದಲು ಕಣ್ಣು ಕಿರಿದು ಮಾಡಬೇಕು.

ಮದುವೆ ದಾಖಲೆಯಲ್ಲಿ ಅಪ್ಪನ ಕಸುಬು ಕೇಳುತ್ತಿದ್ದರು. ಅಲ್ಲಿ ಮಾತ್ರ ಸ್ವಲ್ಪ ಅನುಮಾನ ಇರಲಿ. ಮದುವೆಯ ದಿನ ಜರ್ನಿಮನ್ ಅಪ್ಪ ಮಾಸ್ಟರ್ ಆಗಿಬಿಡುವುದು ದೊಡ್ಡ ಮಾತೇನಲ್ಲ.

ಐವತ್ತು ದಾಟಿದರೂ ಅಜ್ಜ ಜರ್ನಿಮನ್ ಆಗಿಯೇ ಇದ್ದಾನೆ ಅಂತ ಬೇಸರ ಪಡಬೇಕಾಗಿಲ್ಲ. ಮಾಸ್ಟರ್ ಆಗಲು ಬೇಕಿದ್ದದ್ದು ಕೈಚಳಕಕ್ಕಿಂತ ಬಂಡವಾಳ. ಅಂಗಡಿ, ಮರ, ಆಳುಗಳ ಕೂಲಿ, ಎಲ್ಲಕ್ಕೂ ದುಡ್ಡು. ಬಹಳ ಜನ ಕೊನೆತನಕ ಜರ್ನಿಮನ್ ಆಗಿಯೇ ಉಳಿದರು. ಕೆಲವರು ಒಂದು ಗಣತಿಯಲ್ಲಿ ಮಾಸ್ಟರ್, ಮುಂದಿನದರಲ್ಲಿ ಮತ್ತೆ ಜರ್ನಿಮನ್. ಕ್ರಿಕೆಟ್ ವರದಿಯ ಆ ತಾತ್ಸಾರದ ಅರ್ಥ ಹಳೆಯ ದಾಖಲೆಗೆ ಹೊಂದುವುದಿಲ್ಲ.

ಅವನ ಹೆಜ್ಜೆ ಹುಡುಕುವುದು ಕಷ್ಟ, ಅದು ನಿಜ. ಕೆಲ್ಲಿ, ಪಿಗಟ್ ಮುಂತಾದ ವ್ಯಾಪಾರಿ ಡೈರೆಕ್ಟರಿಗಳಲ್ಲಿ ಹೆಸರು ಬರುತ್ತಿದ್ದದ್ದು ಸ್ವಂತ ಅಂಗಡಿ ಇದ್ದವರದ್ದು. ಜರ್ನಿಮನ್‌ಗೆ ಬೋರ್ಡೇ ಇಲ್ಲ, ಇದ್ದದ್ದು ಒಂದು ಉಪಕರಣದ ಪೆಟ್ಟಿಗೆ. ಅವನು ಸಿಗುವುದು ಕಾರ್ಮಿಕ ಸಂಘದ ಪುಸ್ತಕಗಳಲ್ಲಿ. 1860ರಲ್ಲಿ ಹುಟ್ಟಿದ ಬಡಗಿಗಳ ಸಂಯುಕ್ತ ಸಂಘ, ಕಲ್ಲುಕುಟಿಗರ ಸಂಘ ಮುಂತಾದವುಗಳ ಕಾಗದಪತ್ರ ವಾರಿಕ್ ವಿಶ್ವವಿದ್ಯಾಲಯದ ದಾಖಲೆ ಕೇಂದ್ರದಲ್ಲಿವೆ.

ಅಲ್ಲಿಗೆ ಹೋದರೆ ಒಂದು ತಮಾಷೆ ಕಾದಿದೆ. ಪದದಲ್ಲಿ ಪ್ರಯಾಣ ಇಲ್ಲದಿದ್ದರೂ ಜರ್ನಿಮನ್ ಪ್ರಯಾಣ ಮಾಡುತ್ತಿದ್ದ! ಊರಲ್ಲಿ ಕೆಲಸ ಇಲ್ಲವಾದರೆ ಸಂಘದ ಚೀಟಿ ಹಿಡಿದು ನಡೆಯುತ್ತಾ ಹೊರಡುತ್ತಿದ್ದ. ಮುಂದಿನ ಪಟ್ಟಣದಲ್ಲಿ ಗೊತ್ತಾದ ಒಂದು ಹೆಂಡದಂಗಡಿ. ಅಲ್ಲಿ ಚೀಟಿ ತೋರಿಸಿದರೆ ರಾತ್ರಿ ಊಟ, ಮಲಗಲು ಜಾಗ, ಕೆಲಸ ಎಲ್ಲಾದರೂ ಇದೆಯೇ ಅನ್ನುವ ಸುದ್ದಿ. ಇಲ್ಲ ಅಂದರೆ ಬೆಳಿಗ್ಗೆ ಮುಂದಿನ ಊರು. 1886ರಲ್ಲಿ ಬ್ರಿಟನ್ನಿನ ಗೃಹ ಇಲಾಖೆಯಲ್ಲಿ ಕಿರಿಯ ಮಂತ್ರಿಯಾದ ಹೆನ್ರಿ ಬ್ರಾಡ್‌ಹರ್ಸ್ಟ್ ಯೌವನದಲ್ಲಿ ಕಲ್ಲುಕುಟಿಗರಾಗಿ ಹೀಗೆಯೇ ಕೆಲಸ ಹುಡುಕುತ್ತಾ ಊರೂರು ನಡೆದವರು.

ಹಾಗಾಗಿ 1851ರ ನಂತರದ ಗಣತಿ ಪುಟ ಸಿಕ್ಕರೆ ಅಪ್ಪನ ಕಸುಬು ಓದಿ ನಿಲ್ಲಬೇಡಿ. ಮಕ್ಕಳು ಹುಟ್ಟಿದ ಊರಿನ ಕಾಲಂ ನೋಡಿ. ದೊಡ್ಡ ಮಗ ಒಂದು ಊರು, ಎರಡನೆಯವಳು ಇನ್ನೊಂದು, ಚಿಕ್ಕವನು ಮತ್ತೊಂದು ಅಂತಿದ್ದರೆ ಅಪ್ಪ ಕೆಲಸ ಹುಡುಕಿ ನಡೆದ ದಾರಿ ಅದೇ ಇರಬಹುದು.