ಲೋಕವನ್ನು ತೊರೆದವರ ಹಿಂದೆಯೇ ಬಂದ ಲೋಕ

ಕ್ರಿ.ಶ. 57ರ ಸುಮಾರಿಗೆ ಅಪೊಸ್ತಲ ಪೌಲನು ರೋಮಿನ ಕ್ರೈಸ್ತರಿಗೆ ಬರೆದ ಪತ್ರಿಕೆಯ ಹನ್ನೆರಡನೆಯ ಅಧ್ಯಾಯದಲ್ಲಿ, ಈ ಲೋಕದ ನಡೆಗೆ ಹೊಂದಿಕೊಂಡು ಬಾಳದೆ ಮನಸ್ಸನ್ನು ಹೊಸದಾಗಿಸಿಕೊಂಡು ಮಾರ್ಪಡಬೇಕೆಂಬ ಬುದ್ಧಿಮಾತಿದೆ. ಅದನ್ನು ಮೊದಲು ಕೇಳಿದವರಿಗೆ ಲೋಕ ಯಾವುದು, ಸಭೆ (ಅಂದರೆ ಕ್ರೈಸ್ತ ವಿಶ್ವಾಸಿಗಳ ಸಮುದಾಯ) ಯಾವುದು ಎಂಬ ಗೊಂದಲ ಅಷ್ಟಾಗಿ ಇದ್ದಿರಲಾರದು, ಏಕೆಂದರೆ ಸಾಮ್ರಾಜ್ಯದ ದೇವತೆಗಳು, ಅದರ ಅಧಿಕಾರ ಮತ್ತು ಅದರ ವೈಭವ ಎಲ್ಲವೂ ಆ ಪುಟ್ಟ ಗುಂಪಿನ ಹೊರಗಿದ್ದವು. 313ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನನು ಕ್ರೈಸ್ತರಿಗೆ ಪೂಜಾಸ್ವಾತಂತ್ರ್ಯ ಕೊಟ್ಟು, 380ರಲ್ಲಿ ಥಿಯೊಡೋಸಿಯಸನು ಕ್ರೈಸ್ತ ಮತವನ್ನೇ ಸಾಮ್ರಾಜ್ಯದ ಮತವೆಂದು ಸಾರಿದ ಮೇಲೆ ಆ ಗೆರೆ ಅಳಿಸಿಹೋಯಿತು. ದೀಕ್ಷಾಸ್ನಾನ ಪಡೆಯುವುದರಿಂದ ಪದವಿಗೂ ದಾರಿಯಾಗುವ ಕಾಲ ಬಂದಾಗ, ಲೋಕವನ್ನು ಎಲ್ಲಿ ನಿಂತು ಎದುರಿಸಬೇಕೆಂಬ ಪ್ರಶ್ನೆ ಎದ್ದಿತು.

ಈಜಿಪ್ಟಿನ ಅಂತೋಣಿ ಇದಕ್ಕೂ ಮೊದಲೇ, ಮೂರನೆಯ ಶತಮಾನದಲ್ಲಿ, ತನ್ನ ಆಸ್ತಿಯನ್ನು ಬಿಟ್ಟು ಮರಳುಗಾಡಿಗೆ ಹೋಗಿದ್ದನು. ನಾಲ್ಕನೆಯ ಶತಮಾನದಲ್ಲಿ ಸಾವಿರಾರು ಜನ ಅದೇ ಹಾದಿ ಹಿಡಿದರು. ಪಕೋಮಿಯುಸನು ಅಂಥವರನ್ನು ಒಂದು ನಿಯಮದಡಿ ಕೂಡಿಸಿ ನೈಲ್ ನದಿಯ ದಂಡೆಯಲ್ಲಿ ಮಠಗಳನ್ನು ಕಟ್ಟಿದನು. ಅಲ್ಲಿ ಚಾಪೆ, ಬುಟ್ಟಿ ಹೆಣೆದು ಮಾರಲಾಗುತ್ತಿತ್ತು. ಸರಕು ಸಾಗಿಸಲು ಮಠಗಳಿಗೆ ದೋಣಿಗಳೂ ಇದ್ದವು. ತೊರೆದು ಬಂದವರೂ ಉಣ್ಣಬೇಕಲ್ಲ!

ಮುಂದಿನ ಚರಿತ್ರೆಯ ಬಿಕ್ಕಟ್ಟೆಲ್ಲ ಈ ಉಣ್ಣುವ ಪ್ರಶ್ನೆಯಿಂದಲೇ ಹುಟ್ಟಿತೆಂದು ನನಗೆ ತೋರುತ್ತದೆ. ಆರನೆಯ ಶತಮಾನದಲ್ಲಿ ಇಟಲಿಯ ಬೆನೆಡಿಕ್ಟನು ಬರೆದ ನಿಯಮದಲ್ಲಿ ಸನ್ಯಾಸಿಗೆ ಸ್ವಂತದ್ದೆಂದು ಒಂದು ಲೇಖನಿಯೂ ಇರಕೂಡದು. ಆದರೆ ದುಡಿಮೆ ಪ್ರಾರ್ಥನೆಯಷ್ಟೇ ಕಡ್ಡಾಯ. ದುರಾಸೆ ಒಳನುಸುಳದಿರಲೆಂದು, ಮಠದ ಕುಶಲಕರ್ಮಿಗಳು ಮಾಡಿದ ವಸ್ತುವನ್ನು ಹೊರಗಿನ ಬೆಲೆಗಿಂತ ತುಸು ಕಡಿಮೆಗೆ ಮಾರಬೇಕೆಂದೂ ಅದರಲ್ಲಿ ವಿಧಿಸಲಾಗಿದೆ. ಬೆನೆಡಿಕ್ಟನಿಗೆ ಅಪಾಯದ ಅರಿವಿತ್ತು. ಆದರೂ ಶಿಸ್ತಿನಿಂದ ದುಡಿದು ಮಿತವಾಗಿ ಉಣ್ಣುವವರಲ್ಲಿ ಉಳಿಕೆ ಬೆಳೆಯುವುದನ್ನು ಯಾವ ನಿಯಮವೂ ತಡೆಯಲಿಲ್ಲ.

1098ರಲ್ಲಿ ಬರ್ಗಂಡಿಯ ಸೀತೋ ಎಂಬಲ್ಲಿ ಆರಂಭವಾದ ಸಿಸ್ಟರ್ಸಿಯನ್ ಪಂಥದ ಕಥೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಸಿರಿವಂತ ಮಠಗಳಿಂದ ಬೇಸತ್ತು ಹೊರಬಿದ್ದ ಈ ಸನ್ಯಾಸಿಗಳು ಬಣ್ಣ ಹಾಕದ ಉಣ್ಣೆಯ ಉಡುಪು ತೊಟ್ಟರು, ಗೇಣಿ ಮತ್ತು ದಶಮಾಂಶದ (ಬೆಳೆಯ ಹತ್ತರಲ್ಲೊಂದು ಪಾಲಿನ) ಆದಾಯವನ್ನು ನಿರಾಕರಿಸಿದರು, ಯಾರಿಗೂ ಬೇಡದ ಪಾಳುಭೂಮಿಯನ್ನು ಬೇಡಿ ಪಡೆದರು. ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಅಂಥ ಭೂಮಿ ಕುರಿಸಾಕಣೆಗೆ ಹೇಳಿಮಾಡಿಸಿದಂತಿತ್ತು. ಹದಿಮೂರನೆಯ ಶತಮಾನದ ವೇಳೆಗೆ ಫೌಂಟನ್ಸ್, ರೀವೋ ಮೊದಲಾದ ಮಠಗಳು ಉಣ್ಣೆಯ ದೊಡ್ಡ ಉತ್ಪಾದಕರಾಗಿ, ಇನ್ನೂ ಕತ್ತರಿಸದ ಉಣ್ಣೆಯನ್ನು ಇಟಲಿಯ ವರ್ತಕರಿಗೆ ಮುಂಗಡವಾಗಿ ಮಾರಿ ಸಾಲದಲ್ಲಿ ಸಿಲುಕುವ ಮಟ್ಟಿಗೆ ವ್ಯಾಪಾರದೊಳಗಿದ್ದವು. ಭಿಕ್ಷೆ ಬೇಡಿ ಬಾಳುವ ಪಂಥವೊಂದನ್ನು ಕಟ್ಟಿದ ಅಸ್ಸಿಸಿಯ ಫ್ರಾನ್ಸಿಸನು ಇದನ್ನು ಬಲ್ಲವನಂತೆ ಹಣವನ್ನು ಮುಟ್ಟುವುದನ್ನೇ ನಿಷೇಧಿಸಿದನು. ಆದರೆ ಅವನ ಶಿಷ್ಯರಲ್ಲೇ ಬಡತನದ ಅರ್ಥದ ಬಗ್ಗೆ ಜಗಳವೆದ್ದು, ಕ್ರಿಸ್ತನಿಗೂ ಅವನ ಶಿಷ್ಯರಿಗೂ ಏನೊಂದೂ ಆಸ್ತಿ ಇರಲಿಲ್ಲವೆಂದು ಹಟಹಿಡಿಯುವುದು ಪಾಷಂಡವೆಂದು, ಅಂದರೆ ಧರ್ಮವಿರೋಧಿ ಮತವೆಂದು, 1323ರಲ್ಲಿ ಪೋಪ್ 22ನೆಯ ಜಾನ್ ತೀರ್ಪಿತ್ತನು.

ಲೂಥರನ ಸುಧಾರಣೆಯ ನಂತರ ಪ್ರಾಟೆಸ್ಟಂಟರು ಮಠವನ್ನು ಬಿಟ್ಟರು, ಹೋರಾಟವನ್ನು ಮನೆ ಮತ್ತು ಕಸುಬಿನೊಳಕ್ಕೆ ತಂದರು. ಹದಿನೇಳನೆಯ ಶತಮಾನದ ಜರ್ಮನಿಯಲ್ಲಿ ಹುಟ್ಟಿದ ಪೈಟಿಸಂ ಎಂಬ ಭಕ್ತಿಚಳವಳಿಯು ಹೊಸ ಹುಟ್ಟು ಪಡೆದ ಮನಸ್ಸು ದಿನದ ನಡತೆಯಲ್ಲಿ ಕಾಣಬೇಕೆಂದು ಒತ್ತಿಹೇಳಿತು. ಇಂಗ್ಲೆಂಡಿನಲ್ಲಿ ಮೆಥಡಿಸ್ಟ್ ಪಂಥದ ಜಾನ್ ವೆಸ್ಲಿ, ಧರ್ಮವು ಶ್ರಮವನ್ನೂ ಮಿತವ್ಯಯವನ್ನೂ ಹುಟ್ಟಿಸುತ್ತದೆ, ಅವು ಸಂಪತ್ತನ್ನು ಹುಟ್ಟಿಸುತ್ತವೆ, ಸಂಪತ್ತಿನೊಂದಿಗೆ ಲೋಕದ ಮೋಹವೂ ಬೆಳೆಯುತ್ತದೆ ಎಂದು ಮುಪ್ಪಿನಲ್ಲಿ ಚಿಂತೆಯಿಂದ ಬರೆದನು. ಗಳಿಸಿ ಉಳಿಸಿದ್ದನ್ನು ಕೊಟ್ಟುಬಿಡುವುದೇ ಅವನು ಕಂಡ ಪರಿಹಾರ. ಕೊಡುವ ಪಾಠವನ್ನು ಅನುಯಾಯಿಗಳು ಅಷ್ಟಾಗಿ ಕಲಿಯಲಿಲ್ಲವೆಂಬ ಕೊರಗು ಅವನನ್ನು ಕೊನೆಯವರೆಗೂ ಕಾಡಿತು.

ಪೈಟಿಸಂನ ಒಂದು ಕವಲು ನಮ್ಮ ಕರಾವಳಿಗೂ ಬಂದಿತು. 1815ರಲ್ಲಿ ಸ್ಥಾಪನೆಯಾದ, ಕ್ರೈಸ್ತ ಧರ್ಮಪ್ರಚಾರದ ಸಂಸ್ಥೆಯಾದ ಬಾಸೆಲ್ ಮಿಶನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರಲ್ಲಿ ಮಂಗಳೂರಿಗೆ ಬಂದರು. ಇಲ್ಲಿ ಕ್ರೈಸ್ತರಾದವರಿಗೆ ಲೋಕವನ್ನು ಬಿಡುವುದೆಂದರೆ ಜಾತಿಯನ್ನೂ, ಎಷ್ಟೋ ವೇಳೆ ಮನೆ, ಹೊಲ, ಕಸುಬನ್ನೂ ಕಳೆದುಕೊಳ್ಳುವುದಾಗಿತ್ತು. ಮರುಭೂಮಿಗೆ ಸ್ವಇಚ್ಛೆಯಿಂದ ಹೋದವರ ತ್ಯಾಗಕ್ಕಿಂತ ಇದು ಕಠಿಣವೆಂದೇ ಹೇಳಬೇಕು. ಶೇಂದಿ ಇಳಿಸುವ ಕಸುಬಿನ ಬಿಲ್ಲವರು ಅವರಲ್ಲಿ ಬಹುಸಂಖ್ಯೆಯಲ್ಲಿದ್ದರು. ಆ ಕಸುಬನ್ನು ಮಿಶನ್ ಒಪ್ಪುತ್ತಿರಲಿಲ್ಲ. ಹೀಗೆ ಹೊಟ್ಟೆಪಾಡಿನ ಹೊಣೆ ಮಿಶನ್ನಿನ ಮೇಲೆಯೇ ಬಿದ್ದು, 1851ರಲ್ಲಿ ನೇಯ್ಗೆಯ ಕಾರ್ಖಾನೆ, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹುಟ್ಟಿದವು. ಸರಕಿನ ವ್ಯವಹಾರಕ್ಕೆ 1859ರಲ್ಲೇ ಷೇರುದಾರರ ಪ್ರತ್ಯೇಕ ಕಂಪನಿಯೊಂದು ಸ್ಥಾಪನೆಯಾಗಿತ್ತು. ಮಂಗಳೂರು ಹಂಚು ದೂರದೇಶಗಳ ಮಾಡು ಏರಿತು, ಲಾಭವೂ ಬಂದಿತು. ಅದರೊಂದಿಗೆ, ಪಾದ್ರಿಯೇ ಧಣಿಯೂ ಆದರೆ ಸಭೆಗೆ ಸೇರುವವರು ವಿಶ್ವಾಸಕ್ಕಾಗಿ ಬರುತ್ತಾರೋ ಕೂಲಿಗಾಗಿಯೋ ಎಂಬ ತಕರಾರು ಮಿಶನ್ನಿನ ಒಳಗೇ ಮತ್ತೆ ಮತ್ತೆ ಎದ್ದಿತು. ಆ ಚರ್ಚೆ ಒಳಗಿನಿಂದ ತೀರ್ಮಾನವಾಗಲಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರ್ಕಾರವು ಈ ಉದ್ಯಮಗಳನ್ನು ಶತ್ರುಪಕ್ಷದ ಆಸ್ತಿಯೆಂದು ವಶಪಡಿಸಿಕೊಂಡಿತು. ಯುದ್ಧಾನಂತರ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಯ ಪಾಲಾದವು, ಸಭೆಗಳು ಕಾರ್ಖಾನೆಗಳ ಆಸರೆಯಿಲ್ಲದೆ ಮುಂದುವರಿಯಬೇಕಾಯಿತು.