ಕೈಗಾರಿಕೋತ್ತರ: ಚಿಮಣಿಯಲ್ಲಿ ಹೊಗೆಯಿದ್ದರೆ ಅಲ್ಲ

ಯುವ ಚಿತ್ರಕಾರರ ಪ್ರದರ್ಶನವೆಂದರೆ ಕರಪತ್ರದಲ್ಲಿ ‘ಮಿಶ್ರ ಪರಂಪರೆ ಮತ್ತು ಕೈಗಾರಿಕೋತ್ತರ ಭೂದೃಶ್ಯಗಳಿಂದ ಪ್ರೇರಿತ’ ಎಂಬ ಸಾಲು ಇರಲೇಬೇಕೆಂಬಂತಾಗಿದೆ. ಗೋಡೆಯತ್ತ ತಿರುಗಿದರೆ ಹೊಗೆ ಉಗುಳುವ ಚಿಮಣಿಗಳು. ಅದು ಕೈಗಾರಿಕಾ ಭೂದೃಶ್ಯ, ಅಷ್ಟೇ.

‘ಉತ್ತರ’ ಇಲ್ಲಿ ‘ಆಮೇಲಿನ’ ಎಂಬರ್ಥದ್ದು: ಸ್ವಾತಂತ್ರ್ಯೋತ್ತರ, ಮರಣೋತ್ತರ. ಬದುಕಿರುವವರಿಗೆ ಮರಣೋತ್ತರ ಪ್ರಶಸ್ತಿ ಕೊಡುತ್ತೇವೆಯೇ? ಕುಲುಮೆ ಉರಿಯುತ್ತಿರುವ ಉಕ್ಕಿನ ಊರು ತೋರಣಗಲ್ಲು ಕೈಗಾರಿಕೋತ್ತರವಾಗುವುದೂ ಹಾಗೆಯೇ. ಕನ್ನಡದ ‘ಕೈಗಾರಿಕೆ’ಗೆ ಗುಣಸಂಧಿ ಮಾಡಿ ಸಂಸ್ಕೃತದ ‘ಉತ್ತರ’ವನ್ನು ಅಂಟಿಸಿದ್ದು ಅರಿಸಮಾಸವೆಂದು ಗೊಣಗುವವರು ಗೊಣಗಲಿ, ಪದ ನೆಲೆನಿಂತಿದೆ.

ಮೂಲದ ‘ಪೋಸ್ಟ್-ಇಂಡಸ್ಟ್ರಿಯಲ್’ ಅನ್ನು 1973ರ ಸಮಾಜಶಾಸ್ತ್ರಜ್ಞ ಡೇನಿಯಲ್ ಬೆಲ್ ಖಾತೆಗೆ ಹಾಕುವುದು ರೂಢಿ. ಅದಕ್ಕೆ ಎಷ್ಟೋ ಮುಂಚೆ, 1914ರ ಹೊತ್ತಿಗೇ, ಕಲಾ ಇತಿಹಾಸಕಾರ ಆನಂದ ಕುಮಾರಸ್ವಾಮಿ ಮತ್ತು ಇಂಗ್ಲಿಷ್ ವಾಸ್ತುಶಿಲ್ಪಿ ಆರ್ಥರ್ ಪೆಂಟಿ ಅದನ್ನು ಬಳಸಿದ್ದರು. ಬೆಲ್‌ಗೆ ಅದು ಸೇವಾವಲಯ ಮೇಲುಗೈಯಾದ ಸಮಾಜ. ಕುಮಾರಸ್ವಾಮಿಯವರಿಗೆ ಕೈಕಸುಬು ಮರಳುವ ಸಮಾಜ. ತಮಿಳು ತಂದೆ, ಇಂಗ್ಲಿಷ್ ತಾಯಿಯ ಮಗನಾಗಿ 1877ರಲ್ಲಿ ಕೊಲಂಬೊದಲ್ಲಿ ಹುಟ್ಟಿದ ಅವರು ಕಲೆಯ ಕಡೆ ಹೊರಳುವ ಮುನ್ನ ಸಿಲೋನಿನ ಖನಿಜ ಸಮೀಕ್ಷೆಯ ಮುಖ್ಯಸ್ಥರು. ಕರಪತ್ರದ ಎರಡೂ ಪದಗಳು ಒಬ್ಬರಲ್ಲೇ ಕೂಡಿದ್ದವು! (ಮಿಶ್ರ ಪರಂಪರೆ ಎಂದರೆ ಹೀಗೆ ಎರಡು ಜನಸಮುದಾಯಗಳ ಹುಟ್ಟು. ಜೀನ್ಸ್ ತೊಟ್ಟು ರಂಗೋಲಿ ಬಿಡಿಸುವುದಲ್ಲ.)

ಚಿತ್ರಕಾರರ ಬಳಕೆ ಮೂರನೆಯದು: ದುಡಿಮೆ ನಿಂತಿದೆ, ದುಡಿಮೆ ಬದಲಿಸಿದ ನೆಲ ಹಾಗೇ ಉಳಿದಿದೆ. ಜರ್ಮನಿಯ ಎಸ್ಸೆನ್‌ನಲ್ಲಿ 1986ರಲ್ಲಿ ನಿಂತ ಜೋಲ್‌ಫೆರೈನ್ ಕಲ್ಲಿದ್ದಲು ಗಣಿ ಅಂಥದ್ದು. ನಮ್ಮಲ್ಲಿ ಕೆಜಿಎಫ್. ಅಲ್ಲಿ ಗಣಿಗಾರಿಕೆ ನಿಂತದ್ದು 2001ರ ಫೆಬ್ರುವರಿ 28ಕ್ಕೆ. ಅದಿರನ್ನು ನುಣ್ಣಗೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಪುಡಿಯೇ ಇಂದಿನ ಸೈನೈಡ್ ಗುಡ್ಡಗಳು. ಅವನ್ನು ಸಹಜ ಬೆಟ್ಟದಂತೆ ಬಂಡೆ ಇಟ್ಟು ಬರೆದರೆ ಕೆಟ್ಟಿತು. ಅದು ಪುಡಿ; ಮಳೆನೀರು ಇಳಿಜಾರನ್ನು ಉದ್ದುದ್ದ ಕೊರೆದಿರುತ್ತದೆ.

ತುಕ್ಕಿನ ಬಣ್ಣಕ್ಕೆ ಟ್ಯೂಬಿನ ಕಿತ್ತಳೆ ಬೇಡ. ಕೆಂಗಂದಿನ ಬರ್ನ್ಟ್ ಸಿಯೆನ್ನಾ, ಮಣ್ಣುಹಳದಿಯ ಯೆಲ್ಲೊ ಓಕರ್ ಎರಡರ ಬಣ್ಣವೂ ತುಕ್ಕಿನಂತೆ ಕಬ್ಬಿಣದ ಆಕ್ಸೈಡುಗಳದೇ. ನೆರಳಿಗೆ ಸಿಯೆನ್ನಾಕ್ಕೆ ತುಸು ಅಲ್ಟ್ರಾಮರೀನ್ ನೀಲಿ ಬೆರೆಸಿದರೆ ಸಾಕು. ನಿಜವಾದ ತುಕ್ಕನ್ನೇ ಬಳಿಯುವ ಹುಮ್ಮಸ್ಸಿದ್ದರೆ ಮೊದಲು ಕ್ಯಾನ್ವಾಸಿಗೆ ಅಕ್ರಿಲಿಕ್ ಮೀಡಿಯಂ (ಬಣ್ಣ ಬೆರೆಸದ ಅಕ್ರಿಲಿಕ್ ದ್ರವ) ಎರಡು ಕೋಟ್ ಹೊಡೆದು ಒಣಗಿಸಿ. ಬರಿಯ ಹತ್ತಿಬಟ್ಟೆಗೆ ತಾಗಿದ ಕಬ್ಬಿಣ ತೇವಾಂಶದಲ್ಲಿ ನೂಲನ್ನೇ ಶಿಥಿಲ ಮಾಡುತ್ತದೆ.