ಕೋಲಾರಕ್ಕೆ ಬಂದ ಪೌಂಡು, ಕೋಲಾರಕ್ಕೆ ಬಂದ ಯೆನ್

ಕೋಲಾರ ಜಿಲ್ಲೆಯ ಒಂದು ಮಗ್ಗುಲಿಗೆ ಕೆಜಿಎಫ್ ಚಿನ್ನದ ಗಣಿಯ ತ್ಯಾಜ್ಯ ರಾಶಿಬಿದ್ದ ಸೈನೈಡ್ ದಿಬ್ಬಗಳಿವೆ. ಇನ್ನೊಂದು ಮಗ್ಗುಲಿಗೆ, ಬೆಂಗಳೂರು ಹೆದ್ದಾರಿಯ ನರಸಾಪುರದಲ್ಲಿ, ಹೋಂಡಾದ ದ್ವಿಚಕ್ರ ವಾಹನ ಕಾರ್ಖಾನೆಯಿದೆ. ಅಲ್ಲಿ ಬ್ರಿಟನ್ನಿನ ಹಣ ದುಡಿದು ಹೋಗಿದೆ, ಇಲ್ಲಿ ಜಪಾನಿನ ಹಣ ದುಡಿಯುತ್ತಿದೆ. ಹೂಡಿಕೆದಾರರ ಸಮಾವೇಶ ಮುಗಿದ ಮರುದಿನ ನಮ್ಮ ಪತ್ರಿಕೆಗಳು ಎಷ್ಟು ಕೋಟಿ ಬರುತ್ತದೆ ಎಂದು ದಪ್ಪಕ್ಷರದಲ್ಲಿ ಬರೆಯುತ್ತವೆ. ಆ ಹಣ ಯಾವ ದೇಶದಿಂದ, ಯಾವ ಒತ್ತಡಕ್ಕೆ ಹೊರಬಿದ್ದಿತು ಎಂಬುದು ಒಳಪುಟಕ್ಕೂ ಬರುವುದಿಲ್ಲ.

ಬ್ರಿಟನ್ನಿನ ಕಥೆ ಹಳೆಯದು. ಐರಿಷ್ ಮೂಲದ ಮಾಜಿ ಸೈನಿಕ ಲಾವೆಲ್ 1870ರ ದಶಕದಲ್ಲಿ ಮೈಸೂರು ಸಂಸ್ಥಾನದಿಂದ ಗಣಿ ಅಗೆಯುವ ಪರವಾನಗಿ ಪಡೆದ. ಅವನಲ್ಲಿ ಹುಮ್ಮಸ್ಸಿತ್ತು, ಬಂಡವಾಳವಿರಲಿಲ್ಲ. 1880ರ ಹೊತ್ತಿಗೆ ಲಂಡನ್ನಿನಲ್ಲಿ ಕಂಪನಿಗಳು ಹುಟ್ಟಿಕೊಂಡವು, ಷೇರುಗಳು ಮಾರಾಟವಾದವು. ಆದರೆ ಚಿನ್ನ ಕಾಣಲಿಲ್ಲ. ಕೈಯಲ್ಲಿದ್ದ ಹಣ ಕರಗುತ್ತಾ ಬಂದು, ಗಣಿ ಮುಚ್ಚುವ ಮಾತು ನಡೆದಿದ್ದಾಗ ಗಣಿ ನಡೆಸುವ ಲಂಡನ್ ಸಂಸ್ಥೆ ಜಾನ್ ಟೇಲರ್ ಅಂಡ್ ಸನ್ಸ್ ಉಳಿದಷ್ಟನ್ನೂ ಪಣಕ್ಕಿಟ್ಟು ಅಗೆಸಿತು. 1880ರ ದಶಕದ ನಡುವೆ ಚಾಂಪಿಯನ್ ಎಂಬ ಚಿನ್ನದ ಅದಿರಿನ ಪದರ ಸಿಕ್ಕಿತು. ಆಮೇಲೆ ಲಾಭಾಂಶ ಲಂಡನ್ನಿಗೆ, ರಾಜಧನ ಮೈಸೂರಿಗೆ.

ಈ ವಿದೇಶಿ ಕಂಪನಿಗಳಿಗೆ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ ತಂದುಕೊಟ್ಟದ್ದು ಮೈಸೂರು ಸರ್ಕಾರ. 1902ರಲ್ಲಿ ಗಣಿಗೆ ಕರೆಂಟು ಬಂತು, ಬೆಂಗಳೂರಿನ ಬೀದಿದೀಪಗಳಿಗಿಂತ ಮೂರು ವರ್ಷ ಮೊದಲೇ. ಹೊರಗಿನ ಬಂಡವಾಳಕ್ಕೆ ಸರ್ಕಾರವೇ ನೆಲ, ನೀರು, ವಿದ್ಯುತ್ತು ಹೊಂದಿಸಿ ಕೊಡುವುದು ಇತ್ತೀಚಿನ ಕೈಗಾರಿಕಾ ನೀತಿಯ ಆವಿಷ್ಕಾರವೇನಲ್ಲ.

ಈ ಕೆಜಿಎಫ್ ಹಣವನ್ನು ‘ನೇರ ಹೂಡಿಕೆ’, ಅಂದರೆ ಹೊರದೇಶದ ಉದ್ಯಮದ ಕಡಿವಾಣವನ್ನೂ ಹಿಡಿಯುವ ಹೂಡಿಕೆ, ಎನ್ನಬೇಕೇ? ಲಂಡನ್ನಿನಲ್ಲಿ ಷೇರು ಚದುರಿಹೋಗಿತ್ತು, ತಲೆಗೆ ನಾಲ್ಕಾರು ಷೇರು ಹಿಡಿದವರೇ ಹೆಚ್ಚು. ಹಾಗಾಗಿ 1914ಕ್ಕೆ ಮೊದಲಿನ ಬ್ರಿಟಿಷ್ ಹೊರಹೂಡಿಕೆಯ ಬಹುಪಾಲನ್ನು ಅರ್ಥಶಾಸ್ತ್ರಜ್ಞರು ಬಹುಕಾಲ ಬರಿಯ ಷೇರು, ಸಾಲಪತ್ರಗಳ ಖಾತೆಗೆ ಬರೆದಿದ್ದರು. ಆದರೆ ಗಣಿಯ ಎಂಜಿನಿಯರ್ ನೇಮಕದಿಂದ ಯಂತ್ರ ಖರೀದಿಯವರೆಗೆ ಕಡಿವಾಣ ಇದ್ದದ್ದು ಲಂಡನ್ನಿನ ಕೈಯಲ್ಲೇ. ತವರಿನಲ್ಲಿ ಒಂದು ಸಣ್ಣ ಕಚೇರಿ, ವ್ಯವಹಾರವೆಲ್ಲ ಹೊರದೇಶದಲ್ಲಿ ಇದ್ದ ಇಂಥ ಕಂಪನಿಗಳನ್ನು 1970–80ರ ದಶಕಗಳಲ್ಲಿ ಸಂಶೋಧಕರು ನೇರ ಹೂಡಿಕೆಯ ಸಾಲಿಗೆ ತಂದರು. ಸತ್ತ ಕಂಪನಿಗಳ ಲೆಕ್ಕ ಹೀಗೆ ನೂರು ವರ್ಷದ ಮೇಲೆ ಬದಲಾಯಿತು. ಹಳೆಯ ಅಂಕಿಯನ್ನು ಹೊಸದರ ಪಕ್ಕದಲ್ಲಿಟ್ಟು ಗೆರೆ ಎಳೆಯುವವರು ಇಷ್ಟನ್ನಾದರೂ ನೆನಪಿಡಬೇಕು.

ಜಪಾನಿನ ದಾರಿ ಬೇರೆ. ಯುದ್ಧಾನಂತರ ಅಲ್ಲಿ ಡಾಲರ್‌ಗೆ ಬರ, ಹೊರಗೆ ಹಣ ಒಯ್ಯಲು ಸರ್ಕಾರದ ಅಪ್ಪಣೆ ಬೇಕಿತ್ತು. ನಿರ್ಬಂಧ ಸಡಿಲವಾದದ್ದು 1969ರ ನಂತರ. ಬ್ರಿಟನ್ ಕೂಡ ಯುದ್ಧಕಾಲದಲ್ಲಿ ಹಾಕಿದ ವಿನಿಮಯ ನಿಯಂತ್ರಣವನ್ನು ಪೂರ್ತಿ ಕಿತ್ತುಹಾಕಿದ್ದು 1979ರಲ್ಲಿ. ವಿಶ್ವಸಂಸ್ಥೆಯ ವಾಣಿಜ್ಯ ಮತ್ತು ಅಭಿವೃದ್ಧಿ ಸಂಸ್ಥೆಯ ಅಂಕಿಗಳಂತೆ, 1980ರಲ್ಲಿ ಹೊರದೇಶಗಳಲ್ಲಿದ್ದ ಬ್ರಿಟನ್ನಿನ ನೇರ ಹೂಡಿಕೆಯ ಒಟ್ಟು ಮೊತ್ತ ಸುಮಾರು 8,000 ಕೋಟಿ ಡಾಲರ್, ಜಪಾನಿನದು 2,000 ಕೋಟಿಯ ಆಸುಪಾಸು.

ಡಾಲರಿನ ಬೆಲೆ ಇಳಿಸಲು ಅಮೆರಿಕ, ಜಪಾನ್ ಮೊದಲಾದ ಐದು ದೇಶಗಳು 1985ರಲ್ಲಿ ಮಾಡಿಕೊಂಡ ಪ್ಲಾಜಾ ಒಪ್ಪಂದ ಈ ಚಿತ್ರವನ್ನು ಬದಲಿಸಿತು. ಡಾಲರಿಗೆ 240ರ ಹತ್ತಿರವಿದ್ದ ಯೆನ್ ಎರಡೂವರೆ ವರ್ಷದೊಳಗೆ 120ರ ಹತ್ತಿರ ಬಂತು. ಜಪಾನಿನಲ್ಲಿ ತಯಾರಿಸಿ ಹಡಗಿಗೆ ಹಾಕುವುದು ದುಬಾರಿಯಾಯಿತು, ಕಾರ್ಖಾನೆಯನ್ನೇ ಹೊರಗೆ ಕಟ್ಟುವುದು ಅಗ್ಗವಾಯಿತು. 1990ರ ಹೊತ್ತಿಗೆ ಜಪಾನ್ 20,000 ಕೋಟಿ ಡಾಲರ್ ತಲುಪಿ, 23,000 ಕೋಟಿಯ ಬ್ರಿಟನ್ನಿನ ಬೆನ್ನಿಗೇ ಬಂದಿತ್ತು. ಆ ಹಣದಲ್ಲಿ ಒಂದಿಷ್ಟು ಬ್ರಿಟನ್ನಿಗೇ ಹೋಯಿತು: 1986ರಲ್ಲಿ ಸಂಡರ್‌ಲೆಂಡಿನಲ್ಲಿ ನಿಸ್ಸಾನ್, ಮುಂದೆ ಸ್ವಿಂಡನ್ನಿನಲ್ಲಿ ಹೋಂಡಾ.

ಮುಂದಿನ ಹತ್ತು ವರ್ಷಗಳಲ್ಲಿ ಅಂತರ ಮತ್ತೆ ಹಿಗ್ಗಿತು. ಟೋಕಿಯೋದಲ್ಲಿ ಷೇರು ಮತ್ತು ಭೂಮಿಯ ಗುಳ್ಳೆ ಒಡೆದು ಜಪಾನ್ ಮಂಕಾಯಿತು. ಬ್ರಿಟನ್ ಹೊರದೇಶದ ಕಂಪನಿಗಳ ಖರೀದಿಗೆ ಇಳಿಯಿತು. ವೊಡಾಫೋನ್ 2000ದಲ್ಲಿ ಜರ್ಮನಿಯ ಮನ್ನೆಸ್‌ಮನ್ ಕಂಪನಿಯನ್ನು ನುಂಗಿದ ಒಂದೇ ವ್ಯವಹಾರ ಆ ವರ್ಷದ ಅಂಕಿಯನ್ನು ಆಕಾಶಕ್ಕೇರಿಸಿತು. ಆಗ ಒಟ್ಟು ಮೊತ್ತದಲ್ಲಿ ಬ್ರಿಟನ್ 90,000 ಕೋಟಿ ಡಾಲರ್ ದಾಟಿತ್ತು, ಜಪಾನ್ 28,000 ಕೋಟಿಯ ಹತ್ತಿರವೇ ಇತ್ತು. ಒಂದು ದೊಡ್ಡ ಖರೀದಿಯಿಂದ ಗೆರೆ ಹೀಗೆ ಜಿಗಿಯುವುದರಿಂದ ಒಂದೇ ವರ್ಷದಲ್ಲಿ ಹೊರಹರಿದ ಹಣವನ್ನು ಹಿಡಿದು ದೇಶಗಳನ್ನು ಅಳೆಯುವವರನ್ನು ನಾನು ನಂಬುವುದಿಲ್ಲ.

2008ರ ಬಿಕ್ಕಟ್ಟಿನ ನಂತರ ತಕ್ಕಡಿ ಮತ್ತೆ ವಾಲಿತು. ತವರಿನಲ್ಲಿ ಜನಸಂಖ್ಯೆ ಇಳಿಯುತ್ತಾ, ಮಾರುಕಟ್ಟೆ ಕುಗ್ಗುತ್ತಾ ಬಂದದ್ದರಿಂದ ಜಪಾನಿ ಕಂಪನಿಗಳು ಹೊರಗೆ ನೋಡಿದವು. ಸಾಫ್ಟ್‌ಬ್ಯಾಂಕ್ 2016ರಲ್ಲಿ ಚಿಪ್ ವಿನ್ಯಾಸ ಮಾಡುವ ಬ್ರಿಟನ್ನಿನ ಆರ್ಮ್ ಕಂಪನಿಯನ್ನು 2,400 ಕೋಟಿ ಪೌಂಡಿಗೆ ಕೊಂಡಿತು. 2018ರಲ್ಲಿ ಜಪಾನ್ ಜಗತ್ತಿನಲ್ಲೇ ಅತಿ ಹೆಚ್ಚು ಹೊರಹೂಡಿಕೆ ಮಾಡಿದ ದೇಶವಾಯಿತು. ಅಮೆರಿಕದ ಕಂಪನಿಗಳು ತೆರಿಗೆ ಬದಲಾವಣೆಯಿಂದಾಗಿ ಹಣವನ್ನು ತವರಿಗೆ ಎಳೆದುಕೊಂಡದ್ದೂ ಇದಕ್ಕೆ ಕಾರಣ. ಈಗ ಎರಡೂ ದೇಶಗಳ ಒಟ್ಟು ಮೊತ್ತ ತಲಾ 2 ಲಕ್ಷ ಕೋಟಿ ಡಾಲರ್‌ನ ಆಚೀಚೆ ಇದೆ.

ನರಸಾಪುರದ ಕಾರ್ಖಾನೆ 2013ರಲ್ಲಿ ಶುರುವಾದದ್ದು ಈ ಎರಡನೆಯ ಅಲೆಯ ಕಾಲದಲ್ಲಿ. ಹರಿಯಾಣದ ಮಾನೇಸರ್, ರಾಜಸ್ಥಾನದ ಟಪುಕರಾಗಳ ನಂತರ ಇದು ಭಾರತದಲ್ಲಿ ಹೋಂಡಾದ ಮೂರನೆಯ ದ್ವಿಚಕ್ರ ವಾಹನ ಕಾರ್ಖಾನೆ. ಇಂಥ ಕಾರ್ಖಾನೆ ಇಲ್ಲಿ ಗಳಿಸಿದ ಲಾಭವನ್ನು ಇಲ್ಲೇ ಉಳಿಸಿಕೊಂಡು ಹೊಸ ಅಸೆಂಬ್ಲಿ ಲೈನ್ ಹಾಕಿದರೆ, ಟೋಕಿಯೋದಿಂದ ಒಂದು ಯೆನ್ ಹೊರಡದಿದ್ದರೂ ಅದು ಜಪಾನಿನ ಹೊರಹೂಡಿಕೆ ಎಂದೇ ದಾಖಲಾಗುತ್ತದೆ. ಸ್ಕೂಟರ್ ಕೊಂಡ ಮಾಲೂರಿನ ಗ್ರಾಹಕನ ದುಡ್ಡೂ ಹಾಗೆ ಆ ಲೆಕ್ಕದೊಳಗೆ ಸೇರಿಕೊಳ್ಳುತ್ತದೆ. ಮಾತೃಸಂಸ್ಥೆಯಿಂದ ಪಡೆದ ಸಾಲ ತೀರಿಸಿದರೆ ಅದೇ ಲೆಕ್ಕದಲ್ಲಿ ಮೈನಸ್ ಚಿಹ್ನೆ ಬೀಳುತ್ತದೆ; ಆದರೆ ಕಾರ್ಖಾನೆಯಲ್ಲಿ ಒಂದು ಬೋಲ್ಟೂ ಕಡಿಮೆಯಾಗಿರುವುದಿಲ್ಲ.

ಕೆಜಿಎಫ್‌ನ ಬ್ರಿಟಿಷ್ ಖಾತೆ 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಾಗ ಮುಗಿಯಿತು. ಗಣಿಗಾರಿಕೆ ಮಾತ್ರ 2001ರವರೆಗೆ ನಡೆಯಿತು. ಸ್ವಿಂಡನ್ನಿನ ಹೋಂಡಾ ಕಾರು ಕಾರ್ಖಾನೆ 2021ರ ಜುಲೈನಲ್ಲಿ ಬಾಗಿಲು ಮುಚ್ಚಿತು. ನರಸಾಪುರದಲ್ಲೇ ಐಫೋನ್ ತಯಾರಿಸುತ್ತಿದ್ದ ತೈವಾನಿನ ವಿಸ್ಟ್ರಾನ್ ತನ್ನ ಘಟಕವನ್ನು 2023ರಲ್ಲಿ ಟಾಟಾ ಸಮೂಹಕ್ಕೆ ಮಾರಿತು. ತೈವಾನಿನ ಪುಸ್ತಕದಲ್ಲಿ ಅದು ಹೂಡಿಕೆಯ ಹಿಂತೆಗೆತ, ನರಸಾಪುರದಲ್ಲಿ ಫೋನ್ ತಯಾರಿಕೆ ನಿಲ್ಲಲಿಲ್ಲ.